ಮದರಂಗಿ ಬೇಲಿಗೆ ಕತ್ತರಿ ಹಾಕಿದ್ದು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಮದರಂಗಿ ಸೊಪ್ಪಿನ ಹಸಿ ವಾಸನೆ. ಸೊಸೆ ಬೇಲಿ ಕತ್ತರಿಸಿದ್ದಾಳೆ. ಕತ್ತರಿಸಿದ್ದಾಳೆ ಅಂದರೆ ಸಾಲದು, ಬೋಳಿಸಿಬಿಟ್ಟಿದ್ದಾಳೆ. ಕತ್ತರಿ ಹಿಡಿದು, ನನ್ನ ಮುಖ ನೋಡದೆ ನಿಂತಿದ್ದಾಳೆ. ಬೈಯಲು ಬಾಯಿ ತೆರೆದದ್ದು ನಿಜ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನನ್ನ ಬಾಯಿ ಕಟ್ಟುವ ಹಳೆಯ ಕಥೆಯೊಂದಿದೆ.

ಎಪ್ಪತ್ತರ ದಶಕದ ಕೊನೆ. ನ್ಯಾಮತಿಯಲ್ಲಿ ನಾನು ಹೊಸ ಸೊಸೆ. ಮನೆ ರಸ್ತೆಯಂಚಿಗೇ ಇತ್ತು. ಬಟ್ಟೆ ಒಗೆಯುವ ಕಲ್ಲಿಗೆ ಮರೆಯೆಂದರೆ ಅತ್ತೆ ಬೆಳೆಸಿದ ಆಳೆತ್ತರದ ಮದರಂಗಿ ಬೇಲಿ, ವರ್ಷವಿಡೀ ಹಸಿರು. ನಾನೋ, ಬಸ್ಸಿನ ಕಿಟಕಿಯಿಂದ ಹೊನ್ನಾಳಿಯ ಪ್ರವಾಸಿ ಮಂದಿರದ ಬೇಲಿ ನೋಡಿ ಮರುಳಾದವಳು. ಗೋಡೆ ಕಟ್ಟಿದಷ್ಟು ಸಮ! ಅತ್ತೆ ಬಸವಾಪಟ್ಟಣದ ಮಗಳ ಮನೆಗೆ ನಾಲ್ಕು ದಿನ ಹೋದದ್ದೇ ತಡ, ಕತ್ತರಿ ಎರವಲು ತಂದೆ.

ಎಡಗಡೆ ತಗ್ಗಾಯಿತೆಂದು ಬಲಗಡೆ ಕತ್ತರಿಸಿದೆ. ಬಲಗಡೆ ಇನ್ನೂ ತಗ್ಗಾಯಿತು. ಸಮ ಮಾಡುತ್ತಾ ಮಾಡುತ್ತಾ ಬೇಲಿ ಮೊಣಕಾಲಿಗೆ ಬಂತು, ಒಂದೆಲೆಯೂ ಇಲ್ಲದ ಬರೀ ಕಡ್ಡಿ. ಬಸ್ಸಿನಲ್ಲಿದ್ದವರೆಲ್ಲ ನಮ್ಮ ಒಗೆಯುವ ಕಲ್ಲು ನೋಡಿಕೊಂಡು ಹೋದರು. ಗಿಡ ಸತ್ತೇಹೋಯಿತೆಂದು ಅಳುತ್ತಾ ಕೂತೆ.

ಪಕ್ಕದ ಮನೆಯ ಕಮಲಕ್ಕ ಸೊಪ್ಪಿನ ರಾಶಿ ನೋಡಿ, "ಅಳಾಕೆ ಆಮೇಲೂ ಟೈಮೈತೆ, ಮೊದ್ಲು ಅರೆಯಾಕೆ ಬಾ" ಅಂದಳು. ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ನಮ್ಮ ಒರಳಿನ ಸುತ್ತ. ಬೇಡವೆಂದರೂ ನನ್ನ ಅಂಗೈಗೂ ಮೆತ್ತಿದರು.

ಅತ್ತೆ ಬರುವಷ್ಟರಲ್ಲಿ ನನ್ನ ಸುಳ್ಳು ತಯಾರಿತ್ತು. ಅವರು ಬೇಲಿಯ ಮುಂದೆ ನಿಂತರು.

"ಏನಾತವ್ವ ಇದು?"

"ಆಡು ತಿಂದ್ವು, ಅತ್ತೆ."

ನಾನು ಕೊಟ್ಟ ನೀರಿನ ಚೊಂಬು ಕೆಳಗಿಟ್ಟು ನನ್ನ ಅಂಗೈ ಹೊರಳಿಸಿದರು. "ಆಡು ತಿಂದ್ರೆ ನಿನ್ನ ಕೈ ಹೆಂಗೆ ಕೆಂಪಾತು?"

ಸುಳ್ಳು ಹೊಂದಿಸುವಾಗ ನನ್ನ ಕೈಯನ್ನೇ ನಾನು ನೋಡಿಕೊಂಡಿರಲಿಲ್ಲ! ಇಣುಕುತ್ತಿದ್ದ ಕಮಲಕ್ಕ ತನ್ನ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಬಗ್ಗಿ, ಒಂದು ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದರು. ಒಳಗೆ ಎಳೆ ಹಸಿರು.

"ಜೀವ ಐತೆ. ಮಳೆ ಬಿದ್ರೆ ಮೊದ್ಲಿಗಿಂತ ಒತ್ತಾಗಿ ಬರ್ತೈತೆ. ಅಲ್ಲೀತನ ಗೋಣಿಚೀಲ ಮರೆ ಕಟ್ಟು."

ನನಗೂ ಹೋದ ಜೀವ ಬಂತು. ಒಳಗೆ ಹೊರಟವರು ತಿರುಗಿ, ಎರಡೂ ಅಂಗೈ ಚಾಚಿದರು. "ನಂಗೇನೂ ಉಳಿಸ್ಲಿಲ್ಲೇನು?"

ಊರಿಗೆಲ್ಲ ಎಲೆ ಕೊಟ್ಟ ಆ ಕೈಗೆ ಬಣ್ಣವಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಉಳಿದ ಸೊಪ್ಪು ಅರೆದು ಹಚ್ಚಿದೆ. ಒಣಗುವವರೆಗೆ ಅವರಿಗೆ ಊಟದ ತುತ್ತನ್ನೂ ನಾನೇ ಇಟ್ಟೆ. ಅಂದಿನಿಂದ ಅವರೆಂದರೆ ನನಗೆ ಭಯವಿರಲಿಲ್ಲ.

ಕಾಫಿ ಲೋಟ ಕಟ್ಟೆಯ ಮೇಲಿಟ್ಟು ಇಳಿದೆ. ಕಡ್ಡಿಯೊಂದನ್ನು ಕೆರೆದು ಸೊಸೆಗೆ ತೋರಿಸಿದೆ. ಅವಳು ಕತ್ತರಿ ಕೆಳಗಿಟ್ಟು ಬಗ್ಗಿ ನೋಡಿದಳು.

"ಸಮ ಮಾಡಾಕೆ ಹೋದ್ಯಾ?"

"ಹೂಂ ಅತ್ತೆ. ಎಡಗಡೆ ತಗ್ಗಾತು ಅಂತ..."

"ಗೊತ್ತೈತೆ ಬಿಡು. ಸೊಪ್ಪು ಬಾಡೋದ್ರೊಳಗೆ ಮಿಕ್ಸಿ ತೊಳಿ" ಎಂದು ನನ್ನೆರಡೂ ಕೈ ಚಾಚಿದೆ.