ಬೂದಿ ಹಚ್ಚಿದ ಎಳೆಗಳು

ಹೆಂಡತಿ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆ ತೆಗೆಯಲು ನನಗೆ ಮನಸ್ಸಾಗಿರಲಿಲ್ಲ. ಮೊನ್ನೆ ಮಗಳು ಚಳ್ಳಕೆರೆಯಿಂದ ಬಂದು ತಾನೇ ತೆಗೆದಳು. ಎಲ್ಲಕ್ಕಿಂತ ಮೇಲೆ ಮದುವೆ ಸೀರೆ ಇತ್ತು. ಕೆಂಪು ರೇಷ್ಮೆ ಈಗ ಮಾಸಿದೆ. ಒಳತುದಿಯ ಮೇಲೆ ಕೈಯಾಡಿಸಿದೆ. ಸಣ್ಣ ಸಣ್ಣ ಗಂಟುಗಳ ಹಾಗೆ ಒರಟಾಗಿ ತಾಗಿತು. ಆ ಒರಟನ್ನು ಹೊಸೆದ ಬೆರಳುಗಳು ನೆನಪಾದವು…

ಆ ಬೆರಳುಗಳು ನಮ್ಮ ಪಕ್ಕದ ಮನೆಯವರವು. ಸಂಬಂಧವೇನಿಲ್ಲ, ಮಾವ ಎನ್ನುತ್ತಿದ್ದೆ. ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಯೇಸುವನ್ನು ನಂಬಿದ ಮನೆಗಳು ಎರಡೇ, ಅವರದು ಮತ್ತು ನಮ್ಮದು. ಅಪ್ಪ ಹೋದ ಮೇಲೆ ನಾನು ಅವರ ಪಕ್ಕದ ಮಗ್ಗದಲ್ಲಿ ಕೂರುತ್ತಿದ್ದೆ. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದುದ್ದ ಎಳೆಗಳು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಹೊಸೆದು ಸೇರಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ರೇಷ್ಮೆ ಜಾರದಿರಲೆಂದು ಬೆರಳಿಗೆ ಒಲೆಯ ಬೂದಿ ಹಚ್ಚಿಕೊಳ್ಳುತ್ತೇವೆ. ಮಾವ ಕೆಚ್ಚುವಾಗ ಒಂದೊಂದು ಎಳೆಗೂ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಪ್ರಾರ್ಥನೆ ಹೇಳುತ್ತಿದ್ದರು, ತುಟಿಯಲ್ಲೇ.

ಪ್ಲೇಗು ಬಂದ ವರ್ಷ ನನಗೆ ಮದುವೆ ಗೊತ್ತಾಗಿತ್ತು. ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದ ಮೇಲೆ ಊರಿಗೆ ಊರೇ ಬಾಗಿಲು ಹಾಕಿ ರಾಂಪುರದ ದಾರಿಯ ಹೊಲಗಳಲ್ಲಿ ಗುಡಿಸಲು ಹಾಕಿತು. ಮಗ್ಗ ಕಿತ್ತು ತರುವಂತಿರಲಿಲ್ಲ. ಮಾವ ಹಳೆಯ ಎಳೆಗಳ ತುದಿ ಹಿಡಿದಿದ್ದ ಮಗ್ಗದ ಬಾಚಣಿಗೆಯನ್ನು, ಅಂದರೆ ಹಣಿಗೆಯನ್ನೂ ನನ್ನ ಮದುವೆ ಸೀರೆಯ ಹೊಸ ಹಾಸನ್ನೂ ಮಾತ್ರ ಹೊತ್ತು ತಂದರು. ಬಂದ ಸ್ವಲ್ಪ ದಿನಕ್ಕೇ ಅತ್ತೆಗೆ, ಅಂದರೆ ಅವರ ಹೆಂಡತಿಗೆ, ಜ್ವರ ಹತ್ತಿತು. ಕಂಕುಳಲ್ಲಿ ಗಡ್ಡೆ ಕಂಡಿತು. ಮಾವ ಅವರ ತಲೆಯ ಹತ್ತಿರವೇ ಹಣಿಗೆಯನ್ನು ನೇತುಹಾಕಿ ಕೆಚ್ಚಲು ಕೂತರು.

ಆ ಮಧ್ಯಾಹ್ನ ಹೊಲದ ಒಡೆಯ ಗೌಡ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದ. ಅವರೆಲ್ಲ ಹೊಲದ ಕೆಲಸದವರು, ಮಗ್ಗ ಕಂಡವರಲ್ಲ. ಗೌಡನ ಕೈಯಲ್ಲಿ ಕೋಲಿತ್ತು.

"ಏನಲೇ ಅದು, ದಾರಕ್ಕೆ ಬೂದಿ ಹಚ್ಚಿ ಮಣಮಣ ಅಂತೀಯ? ಯಾರ ಮನೆಗೆ ಮಾಟ ಮಾಡ್ತಿದೀಯ?"

"ಸೀರೆ ಹಾಸು ಗೌಡ್ರೆ. ಈ ಹುಡುಗನ ಮದುವೇದು."

"ಹೆಣ ಬೀಳೋ ಹೊತ್ನಾಗೆ ಮದುವೆ ಸೀರೆ!"

"ಮದುವೆ ಹೆಣ್ಣು ಇಲೀನೇ ಇರಬೇಕು ಬಿಡು ಗೌಡ," ಎಂದು ಹಿಂದಿನವನೊಬ್ಬ ನಕ್ಕ. ಮತ್ತೆ ಯಾರೂ ನಗಲಿಲ್ಲ.

ಗೌಡ ಕೋಲನ್ನು ನೆಲಕ್ಕೆ ಕುಟ್ಟಿದ. "ಗೌರಸಮುದ್ರದ ಮಾರಮ್ಮಗೆ ಎಲ್ರೂ ಹಿಡಿ ನವಣೆ ಕೊಟ್ಟವ್ರೆ. ನೀನೊಬ್ನೇ ಬಾಕಿ. ಕೊಟ್ಟು ಆ ದಾರ ಸುಡು. ಇಲ್ಲಾಂದ್ರೆ ಹೆಂಡ್ತೀನ ಎತ್ಕೊಂಡು ಈಗ್ಲೇ ಹೊಲ ಬಿಡು."

ಆ ಬಿಸಿಲಿಗೆ ಅತ್ತೆಯನ್ನು ಹೊತ್ತರೆ ದಾರಿಯಲ್ಲೇ ಜೀವ ಹೋಗುತ್ತಿತ್ತು. "ಒಂದು ಹಿಡಿ ತಾನೆ ಮಾವ, ಕೊಟ್ಟುಬಿಡಾನ," ಎಂದೆ, ಅವರ ಕಿವಿಯಲ್ಲಿ. ಮಾವನ ಬೆರಳಿಂದ ಎಳೆ ಜಾರಿತು, ಮತ್ತೆ ಹಿಡಿದರು.

"ನಂಗೂ ಭಯ ಆಗ್ತೈತೆ ಕಣೋ. ಆಗ್ಲಿಂದ ಸ್ವಾಮಿಗೆ ಅದನ್ನೇ ಹೇಳ್ತಿದೀನಿ."

"ಏನ್ ಹೇಳ್ತೀಯ, ಗಟ್ಟಿಯಾಗಿ ಹೇಳು! ನಾವೂ ಕೇಳಾನ," ಎಂದ ಗೌಡ. ಕೋಲು ಮೇಲೆದ್ದಿತ್ತು.

ಮಾವ ಬೂದಿ ಹಚ್ಚಿಕೊಂಡು ಮುಂದಿನ ಎಳೆ ತೆಗೆದರು. ದನಿ ಒಡೆಯುತ್ತಿತ್ತು. "ತಂದೆ, ಇದು ಗೌಡ್ರ ಮೊಮ್ಮಗ. ಬೆಳಗಿಂದ ಮೈ ಸುಡ್ತೈತಂತೆ. ತಣ್ಣಗೆ ಮಾಡು." ಹೊಸೆದರು. ಇನ್ನೊಂದು ಎಳೆ. "ತಂದೆ, ಇದು ನನ್ನ ಹೆಂಡ್ತಿ…"

ಕೋಲು ಹಾಗೇ ನಿಂತಿತು. ಇದು ಹರಕೆಯೋ ಶಾಪವೋ ಎಂದು ತಿಳಿಯದೆ ಗೌಡ ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದ. ಆಗ ಗುಂಪಿನ ಹಿಂದಿನಿಂದ ಅವನ ಮುದಿ ತಾಯಿ ಮುಂದೆ ಬಂದಳು.

"ಒರೇ, ನಮ್ಮ ಕೂಸಿಗೋಸ್ಕರ ಬೇಡ್ತಾವ್ನೆ. ಯಾವ ದೇವ್ರಾದ್ರೂ ಕೇಳ್ಲಿ. ಕೋಲು ಇಳಿಸು."

ಅವರು ಹೋದರು. ಮಾರನೆಯ ದಿನ ಬೆಳಗ್ಗೆ ಅತ್ತೆ ತೀರಿಕೊಂಡರು. ಗೌಡನ ಮೊಮ್ಮಗ ಎದ್ದು ಓಡಾಡಿದ.

ಅತ್ತೆಯನ್ನು ಮಣ್ಣು ಮಾಡಿ ಬಂದು ನೋಡಿದರೆ ಮಾವ ಮತ್ತೆ ಬೂದಿಯ ಚಿಪ್ಪು ಹತ್ತಿರ ಎಳೆದುಕೊಂಡಿದ್ದಾರೆ. ನನಗೆ ಸಿಟ್ಟು ಬಂತು. "ಇನ್ನೂ ಯಾಕೆ ಬೇಡ್ಕೋತೀರಿ ಮಾವ? ಸ್ವಾಮಿ ಅವ್ರ ಮಗೂನ ಉಳಿಸ್ದ, ಅತ್ತೇನ ಉಳಿಸ್ಲಿಲ್ಲ."

ಮಾವ ಬೂದಿಯಲ್ಲಿ ಬೆರಳು ಅದ್ದಿದರು. "ನಿನ್ನೆ ಅಷ್ಟು ಭಯದಾಗೆ ಪಕ್ಕದಾಗೇ ಇದ್ದ ಕಣೋ. ನಂಗೆ ಗೊತ್ತಾಯ್ತು. ಕೇಳಿದ್ದು ಕೊಡ್ಲಿಲ್ಲ ಅಂತ ಮಾತು ಬಿಟ್ರೆ, ಇವತ್ತು ಯಾರತ್ರ ಅಳ್ಲಿ?"

ಆಮೇಲೆ ಗೌಡನ ಮೊಮ್ಮಗನ ಎಳೆ ಹಿಡಿದು, ಅವನು ಉಳಿದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದರು. ಕಣ್ಣೀರು ಬಿದ್ದು ಚಿಪ್ಪಿನ ಬೂದಿ ಕೆಸರಾಗುತ್ತಿತ್ತು… ಒಣಬೂದಿ ತರಲು ನಾನೇ ಎದ್ದೆ.

ಊರಿಗೆ ಮರಳಿದ ಮೇಲೆ ಆ ಹಾಸಿನಲ್ಲೇ ಈ ಸೀರೆ ನೇಯ್ದು ಕೊಟ್ಟರು. ಮಾವ ಹೋಗಿ ಬಹಳ ಕಾಲವಾಯಿತು. ಹಾಗೆ ಕೂತು ಕೆಚ್ಚುವವರನ್ನು ನಾನು ಮತ್ತೆ ಕಾಣಲಿಲ್ಲ.

ಹೆಂಡತಿ ಹೋದಾಗಿನಿಂದ ನಾನು ಪ್ರಾರ್ಥನೆ ಬಿಟ್ಟಿದ್ದೆ. ಮಗಳು ಅಡುಗೆಮನೆಗೆ ಹೋದ ಮೇಲೆ ಸೀರೆಯ ಆ ತುದಿಯನ್ನು ಮಡಿಲ ಮೇಲೆ ಹರಡಿಕೊಂಡೆ. ಅತ್ತೆಯ ಎಳೆ ಯಾವುದು, ಗೌಡನ ಮೊಮ್ಮಗನದು ಯಾವುದು, ಈಗ ಹೇಳುವವರಿಲ್ಲ. ಸಿಕ್ಕಿದ ಒಂದು ಗಂಟನ್ನು ಬೆರಳಲ್ಲಿ ಹಿಡಿದೆ.

"ತಂದೆ, ಇದು ನನ್ನ ಹೆಂಡ್ತಿ…" ಎಂದೆ. ಮುಂದೆ ಮಾತು ಬರಲಿಲ್ಲ, ಅಳು ಬಂತು. ಗಂಟು ಬಿಡದೆ ಹಿಡಿದುಕೊಂಡು ಅಳುತ್ತ ಕೂತೆ.