ಬರ್ನಿಯ ಹಳದಿ ಪೆಟ್ಟಿಗೆ ಯಾವ ದೇಶದ್ದು?

ನ್ಯೂಜಿಲೆಂಡಿನ ನಮ್ಮ ಹಾಸ್ಟ್ ಊರಿನ ಬರ್ನಿ ಹ್ಯಾಲರನ್‌ಗೆ ಇಲ್ಲಿನ ಕೊಳ್ಳಗಳ ಪ್ರತಿ ಕಲ್ಲೂ ಗೊತ್ತು. ಅವನನ್ನು ಕೇಳಿದರೆ ಕಲ್ಲುಗಳಿಗೂ ಅವನು ಗೊತ್ತು. ಒಮ್ಮೆ ಅವನು ಕಂಡ ಗಂಡು ಜಿಂಕೆಯ ಕೊಂಬು ಎಷ್ಟು ಅಗಲವೆಂದರೆ, ಆ ತುದಿಗೊಂದು ಈ ತುದಿಗೊಂದು ಕೂತ ಕಿಯಾ ಗಿಳಿಗಳು ಜಗಳವಾಡಿದರೆ ಒಂದರ ಬೈಗುಳ ಇನ್ನೊಂದಕ್ಕೆ ಕೇಳುತ್ತಿರಲಿಲ್ಲವಂತೆ. ನಾನು ನಂಬಿದ್ದೇನೆ. ಅವನ ಜೊತೆ ಬೇಟೆಗೆ ಹೋಗುವವನು ನಂಬದಿದ್ದರೆ ಚಹಾ ಸಿಗುವುದಿಲ್ಲ.

ಬರ್ನಿಗೆ ವಯಸ್ಸಾಯಿತೆಂದು ಅವನ ಹೆಂಡತಿ ಓನಾ ಬೇಟೆಗೆ ಅಡ್ಡ ನಿಂತಳು. "ಬೀಕನ್ ಇಲ್ದೆ ಕಾಡಿಲ್ಲ. ಎಲ್ಲಿ ಬಿದ್ದಿದೀಯ ಅಂತ ನಂಗೆ ಗೊತ್ತಾಗ್ಬೇಕು. ಸಾಯೋದಾದ್ರೂ ಹೇಳಿ ಸಾಯಿ!"

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಬರ್ನಿಯ ತಮ್ಮ ಕೆವ್ ತನ್ನ ಹಳೆಯ ಬೀಕನ್ ಕಳಿಸಿದ. ಅಂಗೈಯಗಲದ ಹಳದಿ ಪೆಟ್ಟಿಗೆ. ಗುಂಡಿ ಒತ್ತಿದರೆ ಉಪಗ್ರಹಕ್ಕೆ ಕೂಗುತ್ತದೆ. ಹಳೆಯದಾದ್ದರಿಂದ ಅದು ತೋರಿಸುವುದು ಸುಮಾರಿನ ಜಾಗ. ಯಾರು, ಯಾವ ಕೊಳ್ಳ ಎಂದು ರಕ್ಷಣಾ ಕೇಂದ್ರದವರಿಗೆ ಮನೆಯವರು ಹೇಳಬೇಕು. ಅದಕ್ಕೇ ಮೊದಲೇ ಹೆಸರು, ಫೋನು ನೋಂದಾಯಿಸಬೇಕು.

ಬರ್ನಿ ಇಲ್ಲಿನ ನೋಂದಣಿಯವರಿಗೆ ಫೋನ್ ಮಾಡಿ ಪೆಟ್ಟಿಗೆಯ ನಂಬರ್ ಓದಿದ. ಎತ್ತಿಕೊಂಡವಳು ಒಬ್ಬ ಹುಡುಗಿ.

"ಸರ್, ಇದ್ರ ಹೊಟ್ಟೇಲಿ ಆಸ್ಟ್ರೇಲಿಯಾದ ಸಂಕೇತ ಇದೆ. ನಮ್ ದೇಶದ್ದು ಹಾಕಿಸ್ಕೊಳಿ, ಆಮೇಲೆ ಬರ್ಕೋತೀನಿ."

"ನಾನು ಬೀಳೋದು ಇಲ್ಲೇ ಅಲ್ವೇನಮ್ಮಾ?"

"ನೀವು ಎಲ್ಲಾದ್ರೂ ಬೀಳಿ ಸರ್, ಪೆಟ್ಟಿಗೆ ಅಲ್ಲೀದು."

ಆಸ್ಟ್ರೇಲಿಯಾದವರು, "ನೀವಿರೋದು ನ್ಯೂಜಿಲೆಂಡಲ್ಲಿ, ಅಲ್ಲೇ ಕೇಳಿ" ಎಂದರು. ಸಂಕೇತ ಬದಲಿಸುವ ಕ್ರೈಸ್ಟ್‌ಚರ್ಚಿನ ಅಂಗಡಿಯವನು, "ಕಳ್ಸಿ, ಮುಂದಿನ್ ತಿಂಗ್ಳು ನೋಡಣ" ಎಂದ.

ಗಂಡು ಜಿಂಕೆಗಳು ಕೂಗಿ ಬೇಟೆಗಾರರಿಗೆ ಸಿಗುವುದೇ ಏಪ್ರಿಲ್‌ನಲ್ಲಿ, ಆಗಲೇ ಏಪ್ರಿಲ್ ಬಂದಿತ್ತು. "ಮುಂದಿನ್ ತಿಂಗ್ಳು ಕೂಗ್ರಪ್ಪಾ ಅಂತ ಜಿಂಕೆಗೆ ಯಾರು ಹೇಳ್ತಾರೆ? ನಿಮ್ಮಪ್ಪನಾ?" ಎಂದು ಬರ್ನಿ ಫೋನಿಗೆ ಬೈದ ಬೈಗುಳಕ್ಕೆ ಹೆದರಿ ಅವನ ನಾಯಿ ಎರಡು ದಿನ ನಮ್ಮ ಮನೆಯಲ್ಲಿತ್ತು.

ಮೂರನೆಯ ದಿನ ಅವನು ಓನಾಗೆ, "ನೋಂದಣಿ ಆಯ್ತು ಕಣೇ" ಎಂದ. ನಾವಿಬ್ಬರೂ ಹೊರಟೆವು. ನಿಜ ಹೊರಬಿದ್ದದ್ದು ಬೆಟ್ಟ ಹತ್ತುವಾಗ. ನೋಂದಣಿ ಪರ್ತ್‌ನಲ್ಲಿ, ಕೆವ್ ಹೆಸರಲ್ಲೇ ಇತ್ತು. ತುರ್ತಿಗೆಂದು ಬರ್ನಿ ಕೊಟ್ಟ ಎರಡನೆಯ ಫೋನು ನನ್ನದು.

"ಲೇ, ನಾನು ನಿನ್ ಪಕ್ಕದಲ್ಲೇ ಇದೀನಲ್ಲೋ!"

"ಒಳ್ಳೇದಲ್ವಾ, ಹುಡುಕೋ ತಾಪತ್ರಯ ಇಲ್ಲ."

"ಇಲ್ಲಿ ಫೋನ್ ಸಿಗಲ್ವಲ್ಲೋ ಕತ್ತೆ! ಓನಾದು ಕೊಡಕ್ಕೇನಾಗಿತ್ತು?"

"ನೋಂದಣಿಯವ್ರು ವಿಚಾರ್ಸೋಕೆ ಅವಳಿಗೆ ಫೋನ್ ಮಾಡ್ಬಿಟ್ರೆ? ನನ್ ಸುಳ್ಳು ಅಲ್ಲೇ ಸಿಕ್ಕಿಬೀಳ್ತಿತ್ತು."

ಮಧ್ಯಾಹ್ನ ಹೊಳೆ ದಾಟುವಾಗ ಅವನ ಪರಿಚಯವಿಲ್ಲದ ಒಂದು ಕಲ್ಲು ಸಿಕ್ಕಿತು. ಬರ್ನಿ ಜಾರಿಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿಯಿತು. ನಾನು ಗುಂಡಿ ಒತ್ತಿದೆ. ಆಕಾಶ ಸುಮ್ಮನಿತ್ತು. ರಕ್ತ ಹೀರುವ ಮರಳುನೊಣಗಳು ಮಾತ್ರ ಬಂದವು. ನಮ್ಮಿಬ್ಬರನ್ನೂ ಅವೇ ಎತ್ತಿಕೊಂಡು ಹೋಗುತ್ತವೆಂದುಕೊಂಡೆ. ಒದ್ದೆ ಬಟ್ಟೆಯಲ್ಲಿ ಬರ್ನಿ ನಡುಗುತ್ತಿದ್ದ. "ಆ ಕೊಂಬಿನ ಕತೆ ಹೇಳೋ" ಎಂದೆ. ಹೇಳಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಅತ್ತ ಪರ್ತ್‌ನಲ್ಲಿ ಕೆವ್‌ಗೆ ರಕ್ಷಣಾ ಕೇಂದ್ರದಿಂದ ಫೋನ್ ಹೋಗಿತ್ತು.

"ನೀವು ಅಪಾಯದಲ್ಲಿದೀರಾ?"

"ಹೌದು, ಸಾಸೇಜ್ ಸೀದು ಹೋಗ್ತಿದೆ. ಇಡ್ರೀ ಫೋನು!"

ಯಾರೋ ಮೋಸಗಾರರೆಂದುಕೊಂಡಿದ್ದ. ಮತ್ತೆ ಫೋನ್ ಬಂದಾಗಲೇ ಅಣ್ಣನಿಗೆ ಕಳಿಸಿದ ಪೆಟ್ಟಿಗೆಯ ನೆನಪಾಯಿತು. ಗಾಬರಿಯಲ್ಲಿ ಓನಾಳ ನಂಬರ್ ಕೊಟ್ಟ. ಓನಾ ಒಂದೇ ಉಸಿರಿನಲ್ಲಿ ಹೇಳಿದಳು: "ಎಡಗಡೆ ಕೊಳ್ಳ, ಮುರುಕು ಗುಡಿಸಲಿಂದ ಇನ್ನೂ ಮೇಲಕ್ಕೆ. ಇನ್ನೊಬ್ಬ ಮುದುಕನೂ ಇದಾನೆ, ಇಬ್ರನ್ನೂ ತನ್ನಿ."

ಬೆಳಕು ಹೋಗುವ ಹೊತ್ತಿಗೆ ಹೆಲಿಕಾಪ್ಟರ್ ಬಂತು.

ಆಸ್ಪತ್ರೆಯ ಬಾಗಿಲಲ್ಲಿ ಓನಾ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. ಸ್ಟ್ರೆಚರ್ ಮೇಲಿದ್ದವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಪ್ಪಾ ನೀನು? ಪೆಟ್ಟಿಗೆ ಪ್ರಕಾರ ನಮ್ ಯಜಮಾನ್ರು ಪರ್ತಲ್ಲಿ ಸಾಸೇಜ್ ಸುಡ್ತಿದಾರಂತೆ."

ಪೆಟ್ಟಿಗೆಯನ್ನು ಅವಳೇ ಕ್ರೈಸ್ಟ್‌ಚರ್ಚಿಗೆ ಕಳಿಸಿದಳು. ನಮ್ಮ ದೇಶದ ಸಂಕೇತ ಹಾಕಿಸಿಕೊಂಡು ಅದು ವಾಪಸು ಬಂತು. ಈಗ ಮಾಲೀಕರ ಹೆಸರು ಓನಾ. ಅಡುಗೆಮನೆಯ ಮೊಳೆಗೆ ನೇತುಹಾಕಿದ್ದಾಳೆ. ಬರ್ನಿ ಕೋಲೂರಿಕೊಂಡು ಹೋಗಿ ಕೇಳಿದರೆ ಒಂದೇ ಉತ್ತರ: "ಮಾಲೀಕ್ರು ಜೊತೇಲಿ ಬರ್ತಾರೆ."

ಈ ಏಪ್ರಿಲ್‌ಗೆ ಆ ಕೊಂಬನ್ನು ತಾನೂ ನೋಡಬೇಕೆಂದು ಹೊಸ ಬೂಟೂ ಕೊಂಡಿದ್ದಾಳೆ. ಅವತ್ತಿನಿಂದ ಬರ್ನಿಯ ಕತೆಯಲ್ಲಿ ಜಿಂಕೆಯ ಕೊಂಬು ದಿನಕ್ಕೊಂದು ಗೇಣು ಚಿಕ್ಕದಾಗುತ್ತಿದೆ. ಕಿಯಾಗಳು ಈಗ ಪಿಸುಗುಟ್ಟಿದರೂ ಒಂದಕ್ಕೊಂದು ಕೇಳಿಸುತ್ತದೆ.