ಈರುಳ್ಳಿ ಮುಟ್ಟದ ಸೋಮವಾರ

ಮಾದಪ್ಪನನ್ನು ನಂಬಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಳೆದ ಕಾರ್ತಿಕದಲ್ಲಿ ನಾನು ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ ನಿಲ್ಲುವ ಕಡೆ ಬಜ್ಜಿ ಗಾಡಿ ಹಾಕಿ ಸೋಲುವುದರಲ್ಲಿದ್ದೆ. ಹಳೇ ತಳ್ಳುಗಾಡಿ, ತಂಗಿ ಕೊಟ್ಟ ಒಲೆ, ನಮ್ಮನೆಯ ಬಾಣಲಿ, ಇಷ್ಟೇ ನನ್ನ ಬಂಡವಾಳ. ವ್ಯಾಪಾರ ಕೈಹತ್ತದಿದ್ದರೆ ಗಂಡ ಹೆಂಡತಿ ಇಬ್ಬರೂ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಅಲ್ಲಿನ ಆಳುಗಳ ಲೈನ್ ಮನೆಯಲ್ಲಿರುವುದು, ಪುಟ್ಟ ಮಗಳನ್ನು ಸರಗೂರಿನಲ್ಲಿ ನಮ್ಮತ್ತೆಯ ಹತ್ತಿರ ಬಿಡುವುದು ಎಂದು ತೀರ್ಮಾನವಾಗಿತ್ತು. ಅದು ಕಿವಿಗೆ ಬಿದ್ದಾಗಿನಿಂದ ಮಗು ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿತ್ತು. 

ಜನ ಕೇಳುವುದು ಈರುಳ್ಳಿ ಬಜ್ಜಿ. ಸೋಮವಾರ ಮಾದಪ್ಪನ ವಾರ, ಅವತ್ತು ನಾನು ಈರುಳ್ಳಿ ಮುಟ್ಟುವುದಿಲ್ಲ. ಬಾಳೆಕಾಯಿ, ಮೆಣಸಿನಕಾಯಿ ಬಜ್ಜಿಯಷ್ಟೇ. ಬಂದವರು ಪಕ್ಕದ ಗಾಡಿಗೆ ಹೋಗಿ, ಉಳಿದ ದಿನವೂ ಅಲ್ಲೇ ತಿನ್ನುತ್ತಿದ್ದರು.

ಒಂದು ಸೋಮವಾರ ಬೆಳಗ್ಗೆ ನಮ್ಮ ಯಜಮಾನರು ರೇಗಿದರು. "ಈರುಳ್ಳಿ ಇಲ್ದಿರೋ ಬಜ್ಜಿನ ಯಾರಮ್ಮಿ ತಿಂತಾರೆ? ಮನೇಲಿ ವಾರ ಮಾಡು, ಗಾಡೀಲಿ ವ್ಯಾಪಾರ ಮಾಡು!"

"ಎರಡು ಕಡೆಗೂ ಇರೋದು ಇದೇ ಕೈ ಕಣ್ರೀ," ಎಂದೆ.

ಆ ಸೋಮವಾರ ಮಧ್ಯಾಹ್ನ ಕಳೆದರೂ ಒಂದು ಬಜ್ಜಿಯೂ ಹೋಗಲಿಲ್ಲ. ತೋಟಕ್ಕೆ ಆಳು ಕರೆದೊಯ್ಯುವ ಜೀಪಿನವನು ಬಂದು, "ನಾಳೆ ಬೆಳಗ್ಗೆ ರೆಡಿಯಾಗಿರಿ," ಎಂದು ಹೇಳಿಹೋದ. ಗಾಡಿಯಲ್ಲಿದ್ದ ಮಾದಪ್ಪನ ಫೋಟೋದ ಮುಂದೆ ಜಗಳಕ್ಕೇ ನಿಂತೆ. "ನಿನ್ ವಾರ ನಾನ್ ಬುಟ್ಟಿಲ್ಲ. ನನ್ ಕೈಯ ನೀನ್ಯಾಕಪ್ಪ ಬುಡ್ತೀಯಾ?" ಅಳು ತಡೆಯಲಾಗಲಿಲ್ಲ.

ಸಂಜೆ, ಮಾದಪ್ಪನ ಬೆಟ್ಟಕ್ಕೆ ಹೋಗಿ ಪಿರಿಯಾಪಟ್ಟಣದ ಕಡೆಗೆ ಮರಳುತ್ತಿದ್ದ ಟೆಂಪೊ ಒಂದು ನಿಂತಿತು. ಇಳಿದ ಅಜ್ಜಿಯೊಬ್ಬರು ಪಕ್ಕದ ಗಾಡಿಯ ಈರುಳ್ಳಿ ವಾಸನೆಗೇ ಹಿಂದೆ ಸರಿದು ನನ್ನ ಹತ್ತಿರ ಬಂದರು.

"ಈರುಳ್ಳಿ ಆಕಿದ್ದೀಯೇನವ್ವ?"

"ಇಲ್ಲ ಕಣಜ್ಜಿ, ಇವತ್ತು ಮಾದಪ್ಪನ ವಾರ. ಬಾಣಲಿ ತೊಳ್ದು ಒಸ ಎಣ್ಣೆನೇ ಉಯ್ದಿದ್ದೀನಿ."

ಅಜ್ಜಿ ಟೆಂಪೊ ಕಡೆ ತಿರುಗಿ ಕೂಗಿದರು. "ಎಲ್ಲಾ ಇಳ್ಕೊಳ್ರೋ! ಇಲ್ಲಿ ನಾವು ತಿನ್ಬೋದು ಕಣ್ರೋ!"

ಅಯ್ಯೋ, ಕರಿದು ಹಾಕಲು ನನಗೆ ಎರಡು ಕೈ ಸಾಲಲಿಲ್ಲ! ಗಾಡಿಯನ್ನು ಮನೆಗೆ ತಳ್ಳಿಕೊಂಡು ಹೋಗಲು ಬಂದಿದ್ದ ಯಜಮಾನರು ತಾವೇ ಬಾಳೆಕಾಯಿ ಹೆಚ್ಚತೊಡಗಿದರು. ಹೊರಡುವಾಗ ಟೆಂಪೊ ಡ್ರೈವರ್, "ಸೋಮವಾರ, ಅಮಾಸೆ ಇದೇ ದಾರೀಲಿ ಬತ್ತೀವಿ ಅಕ್ಕಾ, ಗಾಡಿ ತೆಗೀಬೇಡಿ," ಎಂದ. ಮರುದಿನ ನಾವು ಜೀಪು ಹತ್ತಲಿಲ್ಲ.

ಈಗ ವಾರ ಮಾಡುವವರೆಲ್ಲ ಸೋಮವಾರ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ರುಚಿ ಕಂಡವರು ಉಳಿದ ದಿನವೂ ಬಿಡುವುದಿಲ್ಲ. ತೋಟದ ಜೀಪೂ ನಿಲ್ಲುತ್ತದೆ, ಬಜ್ಜಿ ಕಟ್ಟಿಸಿಕೊಳ್ಳಲು. "ಬತ್ತೀಯಾ ಅಕ್ಕಾ?" ಎಂದು ಜೀಪಿನವನು ತಮಾಷೆ ಮಾಡಿದರೆ, "ಮಾದಪ್ಪ ಕಳಿಸಲ್ಲ, ಓಗಪ್ಪ," ಎನ್ನುತ್ತೇನೆ.

ಮಗಳು ಈಗ ಸೆರಗು ಬಿಟ್ಟು ಚಾಪೆ ತುಂಬ ಹೊರಳಾಡಿಕೊಂಡು ಮಲಗುತ್ತಾಳೆ. ನೀನಿದ್ದೀಯ, ನನ್ನಪ್ಪಾ ಮಾದಪ್ಪಾ.